ಹಳೇ ಇಟ್ಟಿಗೆ ಗೂಡಿನ ಜಾಗದಲ್ಲಿ ಹುಲ್ಲು ಮೊದಲು, ಮರ ಆಮೇಲೆ

"ದುಡ್ಡು ಕೊಟ್ಟು ಹುಲ್ಲು ಬೆಳೆಸ್ತೀರಾ?" ಎಂದವರೇ ಈಗ ಬೆಳಿಗ್ಗೆ ಆ ಹುಲ್ಲಿನ ನಡುವೆ ವಾಕಿಂಗ್ ಬರುತ್ತಾರೆ. ನಾವು ಮತ್ತೆ ಹಸಿರು ಮಾಡಲು ಹೊರಟದ್ದು ಮಂಡ್ಯ ತಾಲ್ಲೂಕಿನಲ್ಲಿ ನಿಂತುಹೋದ ಇಟ್ಟಿಗೆ ಗೂಡಿನ ಜಾಗ, ಎರಡೆಕರೆ ಚಿಲ್ಲರೆ. ಮೇಲ್ಮಣ್ಣೆಲ್ಲ ಇಟ್ಟಿಗೆಯಾಗಿ ಹೋಗಿತ್ತು. ಉಳಿದದ್ದು ಲಾರಿ ಓಡಾಡಿ ಕಲ್ಲಾದ ಜೇಡಿ, ಬೂದಿ, ಬಳ್ಳಾರಿ ಜಾಲಿ.

ಮೊದಲ ವರ್ಷ ಎಲ್ಲರಂತೆ ಒಂದೂವರೆ ಅಡಿ ಗುಂಡಿ ತೆಗೆದು 600 ಸಸಿ ನೆಟ್ಟೆವು. ಸೆಪ್ಟೆಂಬರ್ ಮಳೆಗೆ ಒಂದೊಂದು ಗುಂಡಿಯೂ ಬಾನಿಯಂತೆ ನೀರು ಹಿಡಿಯಿತು. ಕಿತ್ತು ನೋಡಿದರೆ ಬೇರು ಕಪ್ಪಗೆ ನಾರುತ್ತಿತ್ತು, ನರ್ಸರಿ ಕವರಿನ ಆಕಾರದಲ್ಲೇ ಸುತ್ತಿಕೊಂಡಿತ್ತು. ಉಳಿದದ್ದು ನೂರೂ ಇಲ್ಲ. ಹೆಚ್ಚುಕಮ್ಮಿ ಒಂದು ಲಕ್ಷ ನೀರಿಗೆ ಹೋಯಿತು. ಮರುವರ್ಷ ನಲವತ್ತು ಟ್ರ್ಯಾಕ್ಟರ್ ಕೆರೆಗೋಡು ಹೊಡೆಸಿದೆವು. ಗೋಡಿನ ಜೊತೆ ಕಾಂಗ್ರೆಸ್ ಗಿಡವೂ ಬಂತು. ಗೋಡು ತರಿಸುವವರು ಮೊದಲು ಒಂದು ಬಾಂಡ್ಲಿಯಷ್ಟನ್ನು ನೆನೆಸಿ, ಹದಿನೈದು ದಿನ ಏನು ಮೊಳೆಯುತ್ತದೆಂದು ನೋಡಿ.

ಮೂರನೇ ಸಲ ನೆಲವನ್ನೇ ಸೀಳಿಸಿದೆವು. ಏಪ್ರಿಲ್‌ನಲ್ಲಿ ಜೇಡಿ ಪೂರಾ ಒಣಗಿದಾಗ, ಇಳಿಜಾರಿಗೆ ಅಡ್ಡಲಾಗಿ, ನಾಲ್ಕಡಿಗೊಂದು ಸಾಲು, ಜೆಸಿಬಿ ಹಲ್ಲು ಎರಡೂವರೆ ಅಡಿ ಇಳಿಯಬೇಕು. ಹಸಿ ಇದ್ದಾಗ ಸೀಳಿದರೆ ಅಂಚು ನುಣ್ಣಗೆ ಹೊಳಪಾಗುತ್ತದೆ, ಬೇರು ತೂರುವುದಿಲ್ಲ. ಗಂಟೆಗೆ 1,200ರಂತೆ ಮೂವತ್ತೈದು ಗಂಟೆ ಹಿಡಿಯಿತು. ಸಾಲಿಗೆ ಸಕ್ಕರೆ ಕಾರ್ಖಾನೆಯ ಮಡ್ಡಿ, ಅಂದರೆ ವರ್ಷ ಕಳಿತ ಪ್ರೆಸ್‌ಮಡ್, ಎಕರೆಗೆ ಎಂಟು ಟನ್ನಿನ ಆಸುಪಾಸು. ಹಸಿಯದು ಬಿಸಿಯೇರಿ ಮೊಳಕೆ ಸುಡುತ್ತದೆ.

ಮೇ ಮಳೆಗೆ ಸ್ಥಳೀಯ ಹುಲ್ಲು, ತಂಗಡಿ ಮತ್ತು ಬಂದರೆ ಗಿಡದ ಬೀಜವನ್ನು ಐದು ಪಾಲು ಮರಳಲ್ಲಿ ಬೆರೆಸಿ ಎರಚಿದೆವು. ತಂಗಡಿ ಬೀಜವನ್ನು ಒರಟು ಕಲ್ಲಿಗೆ ಉಜ್ಜಿಯೇ ಹಾಕಬೇಕು. ಮೇಲೆ ಕಬ್ಬಿನ ಸೋಗೆ, ನೆಲ ಅಲ್ಲಲ್ಲಿ ಕಾಣುವಷ್ಟು ತೆಳ್ಳಗೆ. ದಪ್ಪಗೆ ಹಾಸಿದ ಕಡೆಯೆಲ್ಲ ಗೆದ್ದಲು ಎದ್ದಿತು. ಕಾಂಗ್ರೆಸ್ ಗಿಡವನ್ನು ಹೂ ಬಿಡುವ ಮೊದಲೇ ಕಿತ್ತೆವು, ಮಳೆಗಾಲದಲ್ಲಿ ಮೂರು ಸುತ್ತು. ಯಂತ್ರಕ್ಕಿಂತ ಈ ಕೂಲಿಯೇ ಹೆಚ್ಚು ಬಿತ್ತು, ಇದರಲ್ಲಿ ಕೈ ಬಿಗಿ ಹಿಡಿಯಬೇಡಿ.

ಮರಗಳ ಸರದಿ ಮುಂದಿನ ಮುಂಗಾರಿಗೆ: ಮುತ್ತುಗ, ಬೇಲ, ಕಮರ. ಕಮರದ ತಾಯಿಬೇರು ಕವರಿನಲ್ಲಿ ತಿರುಚಿಕೊಳ್ಳುತ್ತದೆ. ಬೀಜವನ್ನೇ ಸಾಲಿಗೆ ಊರಿ. ನಮ್ಮಲ್ಲಿ ಹತ್ತಕ್ಕೆ ಆರೇಳು ನಿಂತಿವೆ, ಬೇಸಿಗೆಯಲ್ಲಿ ಒಂದು ಟ್ಯಾಂಕರ್ ನೀರೂ ಹಾಕಿಲ್ಲ.

ಮಣ್ಣು ತೆಗೆದ ಹಳ್ಳದ ಮೂರು ಬದಿಯನ್ನು, ಮಕ್ಕಳು ಬಂದುಹೋಗುವ ಜಾಗವೆಂದು, ಇಳಿಜಾರು ಮಾಡಿಸಿದೆವು. ನಾಲ್ಕನೆಯದನ್ನು ಮಾತ್ರ ಆರಡಿ ನೆಟ್ಟಗೆ ಬಿಟ್ಟು ಮೇಲೆ ಕವಳೆ ಬೇಲಿ ಕಟ್ಟಿದೆವು. ಮಾರ್ಚ್‌ನಲ್ಲಿ ಕಳ್ಳಿಪೀರ ಹಕ್ಕಿಗಳು ಆ ಗೋಡೆಯಲ್ಲಿ ಬಿಲ ಕೊರೆದವು. ಕೆಳಗೆ ಹಿಡಿ ಹಿಡಿ ಹೊಸ ಮಣ್ಣು ಬಿದ್ದಿತ್ತು. ಇಟ್ಟಿಗೆ ಚೂರನ್ನು ಹೊರಗೆ ಸಾಗಿಸದೆ ಐದಡಿ ಅಗಲದ ಕಾಲುದಾರಿಗೆ ಬಡಿದೆವು.

ದಿಂಡಿಗ ಮರದ ಬೀಜ ಬಹುಪಾಲು ಜೊಳ್ಳು. ಮೊದಲೆರಡು ಸಲ ಒಂದೂ ಮೊಳೆಯಲಿಲ್ಲ, ಈಗ ಎಂಬತ್ತು ಸಸಿಗಳಿವೆ. ಆ ಬೀಜ ಯಾವ ಮರದ್ದು, ಯಾವ ವಾರ ತಂದೆವು ಎಂಬುದು ಸದ್ಯಕ್ಕೆ ನಮ್ಮಲ್ಲೇ ಇರಲಿ.