ಹಳೇ ಲ್ಯಾಪ್‌ಟಾಪ್ ಮಾರುವ ಮುಂಚೆ ಇದನ್ನು ನೋಡಿ

ವಿಂಡೋಸ್ 10ಕ್ಕೆ ಮಾಮೂಲಿ ಸಪೋರ್ಟ್ (ಸೆಕ್ಯುರಿಟಿ ಅಪ್‌ಡೇಟ್‌ಗಳು) 2025ರ ಅಕ್ಟೋಬರ್ 14ಕ್ಕೇ ಮುಗಿಯಿತು. ಹಾಸನದಲ್ಲಿ ಯಾರನ್ನು ಕೇಳಿದರೂ "ಹೊಸದೇ ತಗೊಳ್ಳಿ" ಅನ್ನುತ್ತಾರೆ. ಸ್ವಲ್ಪ ತಡೆಯಿರಿ.

ಮೊದಲು ಪ್ರೊಸೆಸರ್ ಹೆಸರು ನೋಡಿ. ಇಂಟೆಲ್ ಐ5 ಪಕ್ಕದ ನಾಲ್ಕಂಕಿಯ ನಂಬರ್ 8ರಿಂದ ಶುರುವಾದರೆ ಅದು ಎಂಟನೇ ತಲೆಮಾರು. ವಿಂಡೋಸ್ 11ಕ್ಕೆ ಸಾಕು. ಆದರೂ ಹಾಕುವಾಗ 'ಆಗಲ್ಲ' ಅಂತ ಬಂದರೆ ಬಯೋಸ್ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯುವ ಮೂಲ ಸೆಟ್ಟಿಂಗ್) ತೆರೆದು ಟಿಪಿಎಂ, ಅಂದರೆ ವಿಂಡೋಸ್ 11 ಕೇಳುವ ಸೆಕ್ಯುರಿಟಿ ಸೌಲಭ್ಯ, ಆಫ್ ಆಗಿದೆಯಾ ನೋಡಿ. ಇಂಟೆಲ್ ಮೆಷಿನ್‌ಗಳಲ್ಲಿ ಅದಕ್ಕೆ ಪಿಟಿಟಿ ಅಂತಲೂ, ಎಎಮ್‌ಡಿಯಲ್ಲಿ ಎಫ್‌ಟಿಪಿಎಂ ಅಂತಲೂ ಹೆಸರಿರುತ್ತದೆ. ಎಷ್ಟೋ ಕಡೆ ತಕರಾರು ಇಷ್ಟೇ.

ಪ್ರೊಸೆಸರ್ ಎಂಟನೇ ತಲೆಮಾರಿಗಿಂತ ಹಳೇದಾ? ನನ್ನ ಮಟ್ಟಿಗೆ ವಿಂಡೋಸ್ ಬದಲು ಹಾಕಬಹುದಾದ ಉಚಿತ ಲಿನಕ್ಸ್ ಮಿಂಟ್ ಒಳ್ಳೆಯದು. ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವ್‌ನಿಂದಲೇ ಶುರು ಮಾಡಿ, ವೈಫೈ, ಪ್ರಿಂಟರ್ ನಡೆಯುತ್ತಾ ನೋಡಬಹುದು. ಕನ್ನಡಕ್ಕೆ ಕೀಬೋರ್ಡ್ ಪಟ್ಟಿಯಲ್ಲೇ ಕಗಪ ಕೀಲಿ ವಿನ್ಯಾಸ ಇದೆ. ಆದರೆ ಸಕಲೇಶಪುರ, ಬೇಲೂರು ಕಡೆ ತೋಟದ ಲೆಕ್ಕವನ್ನು ಟ್ಯಾಲಿಯಲ್ಲಿ ಇಡುವವರು ವಿಂಡೋಸ್‌ನಲ್ಲೇ ಇರಿ. ಟ್ಯಾಲಿ ಮಾಡಿರುವುದೇ ವಿಂಡೋಸ್‌ಗೆ. ಲಿನಕ್ಸ್ ಅಭಿಮಾನಿಗಳು ಬೈಯಬೇಡಿ, ಅದು ನಿಜ ಅಲ್ವಾ?

ಇನ್ನೂ ಹಳೇ ಹಾರ್ಡ್ ಡಿಸ್ಕ್ ಇದ್ದರೆ ತೆಗೆದು ಎಸ್‌ಎಸ್‌ಡಿ (ತಿರುಗುವ ತಟ್ಟೆ ಇಲ್ಲದ ವೇಗದ ಡಿಸ್ಕ್) ಹಾಕಿಸಿ. ವಿಂಡೋಸ್ ಇರಲಿ, ಲಿನಕ್ಸ್ ಇರಲಿ, ವೇಗ ಗೊತ್ತಾಗುತ್ತದೆ. ಫೈಲ್‌ಗಳನ್ನು ಮಾತ್ರ ಮೊದಲೇ ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಳ್ಳಿ.