ಜಾತ್ರೆಯಲ್ಲಿ ಲಾಂಚ್ ಆದ ನನ್ನ ಗೇಮ್ ಡಬ್ಬಿ: ಎರಡು ವರ್ಷ, 70,000 ರೂಪಾಯಿ, 12 ಪೀಸು

ಈ ಸಲದ ಶಿವರಾತ್ರಿಗೆ ಹುಬ್ಬಳ್ಳಿ ಸಿದ್ಧಾರೂಢ ಮಠದ ಜಾತ್ರೆಯಲ್ಲಿ ನಾನೇ ಕೂತು ಮಾಡಿದ 12 ವಿಡಿಯೋ ಗೇಮ್ ಡಬ್ಬಿಗಳು ಐದು ದಿನ ಓಡಿದವು. ಒಂದೂ ಕೈಕೊಡಲಿಲ್ಲ. ಎರಡು ವರ್ಷದಿಂದ ನನ್ನ ಗೆಳೆಯರು, ಪಕ್ಕದ ಅಂಗಡಿಯವರು, ಕಡೆಗೆ ನಮ್ಮ ಕಾಕಾ ಕೂಡ ಒಂದೇ ಮಾತು ಹೇಳುತ್ತಿದ್ದರು: "ಲೇ, ಸಣ್ಣ ಹುಡುಗರ ಕೈಯಾಗೂ ಮೊಬೈಲ್ ಐತಿ, ನಿನ್ನ ಡಬ್ಬಿ ಯಾರ್ ಹಿಡಕೊಂಡ್ ಆಡ್ತಾರ?" ರಥೋತ್ಸವದ ದಿನ ರಾತ್ರಿ ಒಂಬತ್ತಕ್ಕೆ ನನ್ನ ಸ್ಟಾಲ್ ಮುಂದೆ ನಿಂತಿದ್ದ ಪಾಳಿಯನ್ನು ಕಾಕಾ ಕಣ್ಣಾರೆ ನೋಡಿದರು. ಅದಕ್ಕೇ ಈಗ ಬರೆಯುತ್ತಿದ್ದೇನೆ.

ನನ್ನದು ಕೊಪ್ಪಿಕರ್ ರಸ್ತೆ ಹತ್ತಿರ ಮೊಬೈಲ್ ರಿಪೇರಿ ಅಂಗಡಿ. ಇದನ್ನು ಓದುವವರಿಗೆ ಸೋಲ್ಡರ್ ಹಾಕಲು ಬರುತ್ತದೆ, ಬೋರ್ಡಿಗೆ ಕೋಡ್ ತುಂಬಿ ಗೊತ್ತಿದೆ ಅಂದುಕೊಂಡಿದ್ದೇನೆ. ಇಎಸ್‌ಪಿ32 ಅಂದರೆ ಕೋಡ್ ಓಡಿಸುವ ಸಣ್ಣ ಅಗ್ಗದ ಚಿಪ್ಪು, ಅದಕ್ಕಿಂತ ಜಾಸ್ತಿ ಹೇಳುತ್ತ ಕೂರುವುದಿಲ್ಲ.

ಮೊದಲು ಎಲ್ಲರಂತೆ ನಾನೂ ದೊಡ್ಡದಕ್ಕೇ ಕೈಹಾಕಿದೆ. ರಾಸ್ಪ್‌ಬೆರಿ ಪೈ ಝೀರೋ 2 ಡಬ್ಲ್ಯೂ ಅನ್ನುವ ಪುಟ್ಟ ಕಂಪ್ಯೂಟರ್ ಬೋರ್ಡ್ ತರಿಸಿದೆ. ಒಂದಕ್ಕೆ ಸಾವಿರದ ಏಳುನೂರೋ ಎಂಟುನೂರೋ ಬಿತ್ತು. ನಾಲ್ಕು ಕೋರ್, 512 ಎಂಬಿ ರ್‍ಯಾಮ್, ಏನು ಬೇಕಾದರೂ ಓಡುತ್ತದೆ. ಆದರೆ ಸ್ವಿಚ್ ಒತ್ತಿದರೆ ಆಟ ಶುರುವಾಗಲು ಅರ್ಧ ನಿಮಿಷ. ಮಕ್ಕಳು ಅಷ್ಟು ಹೊತ್ತು ಕಾಯುತ್ತಾರಾ? ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ. ಹಾಗೆ ನಡುವೆ ಕರೆಂಟ್ ಕಿತ್ತರೆ ಎಸ್‌ಡಿ ಕಾರ್ಡ್ ಕೆಡುತ್ತದೆ. ನನ್ನ ಅಕ್ಕನ ಮಗ ಒಂದೇ ಭಾನುವಾರ ಎರಡು ಕಾರ್ಡ್ ಮುಗಿಸಿದ. ಅಲ್ಲಿಗೆ ಮೂರು ಪೈ, ಬೇರೆ ಸಾಮಾನು ಸೇರಿ ಹನ್ನೊಂದು ಸಾವಿರದಷ್ಟು ಹೋಯಿತು.

ಆಗ ಹಳೆಯ ಕಥೆ ನೆನಪಾಯಿತು. 1989ರಲ್ಲಿ ನಿಂಟೆಂಡೊ ಗೇಮ್ ಬಾಯ್ ಬಿಟ್ಟಾಗ ಅದರ ಪರದೆಗೆ ಬಣ್ಣವೇ ಇರಲಿಲ್ಲ. 160 ಬೈ 144 ಚುಕ್ಕೆ, ನಾಲ್ಕೇ ಛಾಯೆ. ಮರುವರ್ಷ ಸೇಗಾದವರು ಬಣ್ಣದ ಗೇಮ್ ಗೇರ್ ತಂದರು, ಪರದೆ ಹಿಂದೆ ಲೈಟೂ ಇತ್ತು, ಆದರೆ ಆರು ಸೆಲ್ ಹಾಕಿದರೂ ಮೂರರಿಂದ ಐದು ಗಂಟೆಯಲ್ಲಿ ಖಾಲಿ. ಗೇಮ್ ಬಾಯ್ ನಾಲ್ಕೇ ಸೆಲ್‌ನಲ್ಲಿ ಹತ್ತು ಗಂಟೆಗೂ ಜಾಸ್ತಿ ಓಡುತ್ತಿತ್ತು, ಗೆದ್ದದ್ದೂ ಅದೇ. ಅದನ್ನು ಮಾಡಿದ ಗುನ್‌ಪೇ ಯೊಕೊಯಿ ನಂಬಿದ್ದು ಇದನ್ನೇ: ಅಗ್ಗವಾಗಿ ಸಿಗುವ, ಚೆನ್ನಾಗಿ ಪಳಗಿದ ಹಳೆಯ ಸಾಮಾನನ್ನು ಹೊಸ ರೀತಿಯಲ್ಲಿ ಬಳಸಬೇಕು. 2025ರ ಜೂನ್ 5ಕ್ಕೆ ನಿಂಟೆಂಡೊದ್ದೇ ಸ್ವಿಚ್ 2 ಬಂತಲ್ಲ, 7.9 ಇಂಚಿನ 1080ಪಿ ಪರದೆ, 120 ಹರ್ಟ್ಸ್, ನೋಡಲು ಅದ್ಭುತ. 5220 ಎಂಎಎಚ್ ಬ್ಯಾಟರಿಗೆ ಕಂಪನಿಯೇ ಹೇಳುವ ಲೆಕ್ಕ 2ರಿಂದ 6.5 ಗಂಟೆ. ಜಾತ್ರೆಯಲ್ಲಿ ನನಗೆ ಬೇಕಿದ್ದದ್ದು ಸಂಜೆ ನಾಲ್ಕೂವರೆಯಿಂದ ರಾತ್ರಿ ಹನ್ನೊಂದರವರೆಗೆ ನಡುವೆ ಎಲ್ಲೂ ಚಾರ್ಜ್ ಕೇಳದ ಡಬ್ಬಿ.

ಹಾಗಾಗಿ ಇಎಸ್‌ಪಿ32, ಐಎಲ್‌ಐ9341 ಚಿಪ್ಪಿನ 2.8 ಇಂಚಿನ ಡಿಸ್‌ಪ್ಲೇ, 18650 ಅನ್ನುವ ಅಳತೆಯ ಒಂದು ದುಂಡನೆ ಲಿಥಿಯಂ ಸೆಲ್. ಎಲ್ಲ ಸೇರಿ ಒಂದು ಡಬ್ಬಿಗೆ ಈಗ 1,400 ರೂಪಾಯಿ ಆಸುಪಾಸು ಬೀಳುತ್ತದೆ. ಬೆಂಗಳೂರಿನ ಎಸ್‌ಪಿ ರೋಡಿಂದ ರಾತ್ರಿ ಬಸ್ಸಿಗೆ ಪಾರ್ಸೆಲ್ ಹಾಕಿಸಿದರೆ ಬೆಳಿಗ್ಗೆ ಕೈಗೆ ಸಿಗುತ್ತದೆ.

ಸೆಲ್ ವಿಷಯ ಸ್ವಲ್ಪ ಉದ್ದ ಹೇಳಬೇಕು, ಯಾಕಂದರೆ ನನ್ನ ದುಡ್ಡು ಹೋದದ್ದು ಅಲ್ಲೇ. ಮೊದಲು ಹಳೆಯ ಮೊಬೈಲಿನ ಚಪ್ಪಟೆ ಬ್ಯಾಟರಿ ಹಾಕಿದ್ದೆ. ಏಪ್ರಿಲ್ ಬಿಸಿಲಿಗೆ ಎಂಟರಲ್ಲಿ ಐದು ಉಬ್ಬಿದವು. ಆಮೇಲೆ ಆನ್‌ಲೈನಲ್ಲಿ 18650 ನೋಡಿದೆ. ಮೇಲೆ 9900 ಎಂಎಎಚ್ ಅಂತ ದಪ್ಪಗೆ ಬರೆದಿತ್ತು, ಬೆಲೆಯೂ ಕಮ್ಮಿ, ಇಪ್ಪತ್ತು ತರಿಸಿದೆ. ಎರಡು ತಾಸಿಗೆ ಡಬ್ಬಿ ಮಲಗಿತು. ನಮ್ಮ ಓಣಿಯಲ್ಲೇ ಬಂಗಾರದ ಅಂಗಡಿಯವರು ಇದ್ದಾರೆ. ಒಂದು ಹೊಸ ಸೆಲ್, ಹಳೆಯ ಲ್ಯಾಪ್‌ಟಾಪ್ ಬ್ಯಾಟರಿ ಬಿಚ್ಚಿ ತೆಗೆದ ಒಂದು ಸೆಲ್, ಎರಡನ್ನೂ ಅವರ ತಕ್ಕಡಿಯ ಗಾಜಿನ ಪೆಟ್ಟಿಗೆಯೊಳಗೆ ಇಟ್ಟು ನೋಡಿದೆವು. ಲ್ಯಾಪ್‌ಟಾಪಿನದು 45 ಗ್ರಾಂ ಹತ್ತಿರ. ಹೊಸದು 28 ಚಿಲ್ಲರೆ. ಅವರು ಕನ್ನಡಕ ಮೇಲೇರಿಸಿ, "ಇದು ಮ್ಯಾಲಿನ ತಗಡ ಅಷ್ಟ ನೋಡ್ರಿ, ಒಳಗ ಏನೂ ಇಲ್ಲ" ಅಂದರು. ಅಂದಿನಿಂದ ನನಗೆ ತಕ್ಕಡಿಯೇ ಟೆಸ್ಟರ್. ಆ ಅಳತೆಯ ಒಳ್ಳೆಯ ಸೆಲ್ಲಿನಲ್ಲಿ 3500 ಎಂಎಎಚ್ ಹಿಡಿದರೆ ದೊಡ್ಡದು. 9900 ಅಂತ ಬರೆದಿದ್ದರೆ ಮುಟ್ಟಬೇಡಿ. ಈಗ ನಾನು ಹಾಕುವುದು 2600ರದ್ದು, ತೂಕ ನೋಡಿಯೇ ತಗೊಂಡದ್ದು.

ಎರಡನೇ ಪೆಟ್ಟು ಸೆಲ್ಲಿನ ವೋಲ್ಟೇಜನ್ನು ಬೋರ್ಡಿಗೆ ಬೇಕಾದಷ್ಟಕ್ಕೆ ಇಳಿಸಿ ಕೊಡುವ ರೆಗ್ಯುಲೇಟರಿಂದ. ಎಲ್ಲರ ಡ್ರಾಯರಿನಲ್ಲೂ ಎಎಂಎಸ್1117 ಇರುತ್ತದೆ ಅಂತ ಅದನ್ನೇ ಹಾಕಿದೆ. ಅದು ತನಗೇ ಒಂದು ವೋಲ್ಟ್ ತಿನ್ನುತ್ತದೆ. ಸೆಲ್ 4.2 ಇದ್ದಾಗ ಹೇಗೋ ನಡೆಯಿತು, 3.9ಕ್ಕೆ ಇಳಿದ ಮೇಲೆ ಪರದೆ ಬೆಳಕು ಮತ್ತು ಸೌಂಡ್ ಒಟ್ಟಿಗೆ ಬಂದರೆ ಸಾಕು, ಬೋರ್ಡ್ ರೀಸೆಟ್. ಸೌಂಡ್ ಬರುವುದು ಯಾವಾಗ? ಗೆದ್ದಾಗ. ಅಂದರೆ ಮಗು ಗೆದ್ದ ತಕ್ಷಣ ಡಬ್ಬಿ ಆಫ್! ನಾನು ಮೂರು ತಿಂಗಳು ಕೋಡಿನಲ್ಲಿ ತಪ್ಪು ಹುಡುಕಿದೆ. ಕಡೆಗೆ ಒಂದು ರಾತ್ರಿ ಮೀಟರ್ ಹಚ್ಚಿಟ್ಟು ಆಡಿದಾಗ ಗೊತ್ತಾಯಿತು. ಅಷ್ಟು ವೋಲ್ಟ್ ತಿನ್ನದ ಎಂಇ6211 ರೆಗ್ಯುಲೇಟರ್ ಹಾಕಿದೆ, ಕೆಲವೇ ರೂಪಾಯಿಯ ಸಾಮಾನು, ಮುಗಿಯಿತು. ವೈಫೈ ಪೂರ್ತಿ ಬಂದ್ ಇಟ್ಟರೆ ಒಂದು ಚಾರ್ಜಿಗೆ 13 ತಾಸು ಬಂದಿದೆ.

ಚಾರ್ಜಿಗೆ ಟಿಪಿ4056 ಚಾರ್ಜಿಂಗ್ ಚಿಪ್ಪು ಸಾಕು. ಆದರೆ ಚಾರ್ಜ್ ಆಗುತ್ತಿರುವಾಗ ಆಡಲು ಬಿಡಬೇಡಿ. ಆಟ ಎಳೆಯುವ ಕರೆಂಟೂ ಸೆಲ್ಲಿಗೇ ಹೋಗುತ್ತಿದೆ ಅಂತ ಅದು ಅಂದುಕೊಳ್ಳುತ್ತದೆ, ತುಂಬಿದ ಮೇಲೂ ನಿಲ್ಲಿಸುವುದಿಲ್ಲ. ನಾನು ಕೇಬಲ್ ಸಿಕ್ಕಿಸಿದರೆ ಆಟ ಬಂದ್ ಆಗುವ ಹಾಗೆ ಮಾಡಿದ್ದೇನೆ.

ಬಟನ್ನಿಗೆ ಮೊದಲು ಟಕ್ ಟಕ್ ಅನ್ನುವ ಸಣ್ಣ ಸ್ವಿಚ್ ಹಾಕಿದ್ದೆ. ಹತ್ತು ನಿಮಿಷಕ್ಕೆ ಹೆಬ್ಬೆರಳು ನೋವು. ನಡುವೆ ಎತ್ತ ಬೇಕಾದರೂ ವಾಲುವ ಅನಲಾಗ್ ಸ್ಟಿಕ್ ಹುಚ್ಚೂ ಹಿಡಿದಿತ್ತು, ಎರಡು ತಿಂಗಳಿಗೆ ಅವು ಸವೆದು ತಾವೇ ಒಂದು ಕಡೆ ಎಳೆಯಲು ಶುರುವಾದವು. ಮ್ಯಾಗ್ನೆಟ್ ಮೇಲೆ ನಡೆಯುವ ಹಾಲ್ ಸೆನ್ಸರ್ ಸ್ಟಿಕ್ ಸವೆಯುವುದಿಲ್ಲ, ಆದರೆ ಅದರ ಬೆಲೆ ನನ್ನ ಕೈಗೆಟುಕಲಿಲ್ಲ. ಈಗ ಇರುವುದು ನಾಲ್ಕು ದಿಕ್ಕಿನ ಬಟನ್, ಎರಡು ಆಟದ ಬಟನ್, ಎಲ್ಲವೂ ಕೆಟ್ಟ ಟಿವಿ ರಿಮೋಟಿನಿಂದ ತೆಗೆದ ರಬ್ಬರ್ ಮೇಲೆ ಕೂತಿವೆ. ರಬ್ಬರಿನ ಕೆಳಗಿನ ಕಪ್ಪು ಚುಕ್ಕೆ ಬೋರ್ಡಿನ ಎರಡು ಗೆರೆಗೆ ತಾಗಿದರೆ ಆಯಿತು. ಒಂದೊಂದು ರಿಮೋಟ್ 10 ರೂಪಾಯಿಗೆ ಗುಜರಿಯಲ್ಲಿ ಸಿಕ್ಕವು. ಯಾವ ರಿಮೋಟಿನ ರಬ್ಬರ್ ಒಳ್ಳೆಯದು, ಕಪ್ಪು ಚುಕ್ಕೆ ಸತ್ತಿದ್ದರೆ ಹೇಗೆ ಏಳಿಸುವುದು, ಅದು ನನ್ನ ಹತ್ತಿರವೇ ಇರಲಿ.

ಕವಚದ ಬಗ್ಗೆ ಜಾಸ್ತಿ ಇಲ್ಲ. 3ಡಿ ಪ್ರಿಂಟ್ ಮಾಡಿದ ಪಿಎಲ್‌ಎ ಪ್ಲಾಸ್ಟಿಕ್ ಕವಚ ಬಿಸಿಲಲ್ಲಿ ನಿಲ್ಲಿಸಿದ ಓಮ್ನಿಯೊಳಗೆ ಹಪ್ಪಳದ ಹಾಗೆ ಸೊಟ್ಟಗಾಯಿತು. ಈಗ ಅಂಗಡಿಗಳ ನಾಮಫಲಕ ಮಾಡುವವರ ಹತ್ತಿರ 3 ಎಂಎಂ ಅಕ್ರಿಲಿಕ್ ಕತ್ತರಿಸಿಕೊಂಡು, ಪದರ ಪದರ ಇಟ್ಟು, ನಾಲ್ಕು ಮೂಲೆಗೆ ಬೋಲ್ಟ್.

ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಕನ್ನಡ ಅಕ್ಷರ. ಡಬ್ಬಿಯೊಳಗೆ ಇರುವುದು ಆಡು-ಹುಲಿ, ಚೌಕಾಬಾರ, ಮತ್ತೆ ನಾನೇ ಬರೆದ ಒಂದು ಬಸ್ ಓಡಿಸುವ ಆಟ. ಬೇರೆಯವರ ಆಟ ಕದ್ದು ಹಾಕಿಲ್ಲ. ಇವೆಲ್ಲ ಇಂಗ್ಲಿಷಿನಲ್ಲಿ ಮಾತಾಡಿದರೆ ಚೆನ್ನಾಗಿರುತ್ತದಾ? ಆದರೆ ಪರದೆ ಮೇಲೆ ಅಕ್ಷರ ಮೂಡಿಸುವ ಸಿದ್ಧ ಕೋಡಿಗೆ (ಡಿಸ್‌ಪ್ಲೇ ಲೈಬ್ರರಿ) ಒತ್ತಕ್ಷರ ಗೊತ್ತಿಲ್ಲ. ‘ಅಕ್ಕ’ ಅಂತ ಕೊಟ್ಟರೆ ಕ ಒಂದು ಕಡೆ, ಇನ್ನೊಂದು ಕ ಒಂದು ಕಡೆ, ನಡುವೆ ಕೊಂಡಿ. ಸಾಫ್ಟ್‌ವೇರ್ ಕಂಪನಿಯಲ್ಲಿರುವ ಗೆಳೆಯನೊಬ್ಬ ಇಷ್ಟು ಸಣ್ಣ ಚಿಪ್ಪಿನಲ್ಲಿ ಕನ್ನಡ ಆಗುವುದೇ ಇಲ್ಲ ಅಂದುಬಿಟ್ಟ. ನಾನು ಜೋಡಿಸಲು ಹೋಗಲೇ ಇಲ್ಲ. ಬೇಕಾದ ಒಂದೊಂದು ಸಾಲನ್ನೂ ಲ್ಯಾಪ್‌ಟಾಪಿನಲ್ಲಿ ನೋಟೋ ಸ್ಯಾನ್ಸ್ ಕನ್ನಡ ಫಾಂಟಿನಲ್ಲಿ ಬರೆದು, ಕಪ್ಪು-ಬಿಳುಪು ಚಿತ್ರ ಮಾಡಿ ಬೋರ್ಡಿನ ಫ್ಲ್ಯಾಶ್ ಮೆಮೊರಿಗೆ ಹಾಕಿದೆ. 320 ಅಗಲ, 28 ಎತ್ತರದ ಒಂದು ಸಾಲಿಗೆ 1,120 ಬೈಟ್. ನನ್ನವು ಸುಮಾರು 140 ಸಾಲು, ಎಲ್ಲ ಸೇರಿ 160 ಕೆಬಿ ಒಳಗೆ. ಫ್ಲ್ಯಾಶ್ ಇರುವುದು 4 ಎಂಬಿ! ಅಂಕಿಗಳಿಗೆ ಒತ್ತಿಲ್ಲ, ಆದ್ದರಿಂದ ಸ್ಕೋರಿಗೆ ಹತ್ತು ಕನ್ನಡ ಅಂಕಿಯ ಚಿತ್ರ ಬೇರೆ ಇಟ್ಟೆ. ಸಾಲುಗಳೂ ನಮ್ಮ ಮಾತಿನಲ್ಲೇ ಇವೆ. "ಹುಲಿ ಸಿಕ್ಕಬಿತ್ತು!" ಅಂತ ಬಂದಾಗ ಮಕ್ಕಳು ಓದಿ ಕೂಗುತ್ತಿದ್ದರು.

ಪರದೆ ವೇಗದ ಬಗ್ಗೆ ಒಂದೇ ಮಾತು. ಪೂರ್ತಿ ಪರದೆಗೆ 1,53,600 ಬೈಟ್, 40 ಮೆಗಾಹರ್ಟ್ಸಿನಲ್ಲಿ ಕಳಿಸಿದರೂ ಸೆಕೆಂಡಿಗೆ ಮೂವತ್ತರ ಹತ್ತಿರ ಸಲ ಅಷ್ಟೇ. ಬದಲಾದ ಚೌಕವನ್ನು ಮಾತ್ರ ಬರೆಯಿರಿ. ಆಡು-ಹುಲಿಯಲ್ಲಿ ಮೂರು ಹುಲಿ, ಹದಿನೈದು ಆಡು, ಒಂದು ಸಲಕ್ಕೆ ಅಲ್ಲಾಡುವುದು ಒಂದೇ ಕಾಯಿ.

ಹೋದ ವರ್ಷ ಇದೇ ಜಾತ್ರೆಗೆ ಆರು ಡಬ್ಬಿ ಒಯ್ದು ಸೋತಿದ್ದೆ. ಸ್ಟಾಲ್ ಪಡುವಣಕ್ಕೆ ಮುಖ ಮಾಡಿತ್ತು, ಸಂಜೆ ಬಿಸಿಲು ನೇರ ಪರದೆ ಮೇಲೆ, ಏನೂ ಕಾಣುತ್ತಿರಲಿಲ್ಲ. ಎರಡನೇ ದಿನ ಒಂದು ಡಬ್ಬಿ ಕಳುವಾಯಿತು. ಮೂರನೇ ದಿನ ಬಾಗಿಲು ಹಾಕಿ ಬಂದೆ, 9,000 ಲುಕ್ಸಾನು. ಮನೆಯಲ್ಲಿ ನನ್ನಾಕೆ, "ಸಾಕ್ರೀ ಇನ್ನ, ಅಂಗಡಿ ನೋಡ್ಕೋರಿ" ಅಂದಳು. ಬೇಜಾರಾಗಿ ಒಂದು ತಿಂಗಳು ಆ ಪೆಟ್ಟಿಗೆ ತೆರೆಯಲಿಲ್ಲ.

ಈ ವರ್ಷ ಮೂಡಣ ಮುಖದ ಜಾಗ ಹಿಡಿದೆ, ಮೇಲೆ ಕಪ್ಪು ಬಟ್ಟೆ ಕಟ್ಟಿದೆ. ಕಳುವು ತಡೆಯಲು ಇಎಸ್‌ಪಿ-ನೌ ಅನ್ನುವ ವೈರ್‌ಲೆಸ್ ಸಂಪರ್ಕ ಬಳಸಿದೆ. ರೂಟರ್ ಬೇಡ, ಬೋರ್ಡಿಂದ ಬೋರ್ಡಿಗೆ ನೇರ. ಸ್ಟಾಲಿನಲ್ಲಿ ಒಂದು ಬೋರ್ಡ್ ಕೂಗುತ್ತಿರುತ್ತದೆ, ಡಬ್ಬಿ ಆಗಾಗ ಎದ್ದು ಕೇಳಿಸಿಕೊಳ್ಳುತ್ತದೆ, ಕೇಳಿಸದಿದ್ದರೆ ಪೀಪಿ ಊದುತ್ತದೆ. ತೊಂದರೆ ಏನಂದರೆ ಮನುಷ್ಯರ ಮೈ ಈ ಸಿಗ್ನಲ್ ಹೀರುತ್ತದೆ, ಜನ ಒತ್ತಿ ನಿಂತರೆ ಸುಮ್ನೆ ಕುಳಿತ ಮಗುವಿನ ಕೈಯಲ್ಲೇ ಪೀಪಿ ಶುರು. ಅದನ್ನು ಬಿಡಿಸಲು ದುರ್ಗದ ಬೈಲಿನಲ್ಲಿ ಮೂರು ಸಂಜೆ ಗದ್ದಲದ ನಡುವೆ ಡಬ್ಬಿ ಹಿಡಿದು ಓಡಾಡಿದ್ದೇನೆ. ಕಡೆಗೆ ಹೇಗೆ ಬಗೆಹರಿಸಿದೆ ಅನ್ನುವುದು ಈಗಲೇ ಬೇಡ, ಗದಗಿನ ತೋಂಟದಾರ್ಯ ಜಾತ್ರೆಯಲ್ಲಿ ಇನ್ನೊಂದು ಸಲ ನೋಡಿ ಹೇಳುತ್ತೇನೆ. ಬ್ಯಾಟರಿ ಇದರಿಂದ 13 ತಾಸಿಂದ ಹತ್ತಕ್ಕೆ ಇಳಿಯಿತು, ಪರವಾಗಿಲ್ಲ.

10 ನಿಮಿಷಕ್ಕೆ 20 ರೂಪಾಯಿ. ದಿನಕ್ಕೆ ಸರಾಸರಿ 300 ಆಟ. ಐದು ದಿನಕ್ಕೆ 30,000 ಆಸುಪಾಸು ಬಂತು, ಜಾಗದ ಬಾಡಿಗೆ, ಇಬ್ಬರು ಹುಡುಗರ ಕೂಲಿ, ಊಟ ಕಳೆದು 19,000 ಉಳಿಯಿತು. ಎರಡು ವರ್ಷದ 70,000 ಇನ್ನೂ ಪೂರ್ತಿ ಬಂದಿಲ್ಲ, ಆದರೆ ಡಬ್ಬಿ ಹನ್ನೆರಡೂ ಗಟ್ಟಿಯಾಗಿವೆ. ನೆಟ್ ಇಲ್ಲ, ಜಾಹೀರಾತಿಲ್ಲ ಅಂತ ತಾಯಂದಿರೇ ಮಕ್ಕಳನ್ನು ಕರೆತಂದು ಕೂರಿಸಿದರು.

ಮಾರುತ್ತೀರಾ ಅಂತ ಹಲವರು ಕೇಳಿದರು. ಮಾರುವುದಿಲ್ಲ. ವಿಡಿಯೋ ಗೇಮ್ ಸರ್ಕಾರದ ಕಡ್ಡಾಯ ನೋಂದಣಿ ಆದೇಶದ ಪಟ್ಟಿಯಲ್ಲೇ ಇದೆ, ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ನೋಂದಣಿ ಇಲ್ಲದೆ ಮಾರುವ ಹಾಗಿಲ್ಲ, ಪರೀಕ್ಷೆಯ ಖರ್ಚು ನನ್ನ ಸದ್ಯದ ಗಂಟಿಗೆ ಮೀರಿದ್ದು.

ಈಗ ಬೆಂಚಿನ ಮೇಲೆ ಎರಡು ಡಬ್ಬಿ ಎದುರುಬದುರು ಇವೆ. ಒಂದರಲ್ಲಿ ಹುಲಿ, ಒಂದರಲ್ಲಿ ಆಡು, ನಡುವೆ ಅದೇ ಇಎಸ್‌ಪಿ-ನೌ. ಒಂದು ನಡೆಗೆ ಮೂರೇ ಬೈಟ್ ಕಳಿಸಬೇಕು. ನಿನ್ನೆ ರಾತ್ರಿ ಕಾಕಾ ಅಂಗಡಿಗೆ ಬಂದು ಹುಲಿ ಹಿಡಿದು ಕೂತರು. ನನ್ನ ಆಡು ಹನ್ನೊಂದು ಹೋದವು.