ಮೊದಲ ಮ್ಯಾರಥಾನ್‌ಗೆ ತಯಾರಿ ಹೇಗೆ? ನಿಧಾನಕ್ಕೆ ಓಡಿ

ವಿಜಯಪುರದಲ್ಲಿ ನಸುಕಿನ ಐದಕ್ಕೆ ಓಡಲು ಹೊರಟರೆ, ಹಾಲು ತರಲು ಹೊರಟ ಅಜ್ಜ ಒಬ್ಬರಾದರೂ ಕೇಳುತ್ತಾರೆ: ‘ಯಾಕೋ ತಮ್ಮಾ, ಬಸ್ ತಪ್ತೇನು?’ ನಕ್ಕು ಮುಂದೆ ಹೋಗಿ. ಆದರೆ ಬಸ್ ಹಿಡಿಯುವವರ ಹಾಗೆ ಮಾತ್ರ ಓಡಬೇಡಿ. ನಾನು ಮೊದಲು ಮಾಡಿದ ತಪ್ಪು ಅದೇ. ಮೂರನೇ ವಾರಕ್ಕೆ ಮೊಣಕಾಲು ಹಿಡಿದುಕೊಂಡು, ತಿಂಗಳು ಮನೆಯಲ್ಲಿ ಕೂತೆ.

ನಮ್ಮಲ್ಲಿ ಐದು ಕಿ.ಮೀ. ಓಟಕ್ಕೂ ಮ್ಯಾರಥಾನ್ ಅಂತಾರೆ. ನಿಜವಾದದ್ದು 42.195 ಕಿ.ಮೀ. ಮೊದಲು ದಿನಾಂಕ ಗೊತ್ತು ಮಾಡಿಕೊಳ್ಳಿ. ಜನವರಿಯ ಮುಂಬೈ ಮ್ಯಾರಥಾನ್ ನಮ್ಮ ಕಡೆಯವರಿಗೆ ಅನುಕೂಲ. ಸೆಪ್ಟೆಂಬರ್ ಮೊದಲ ವಾರ ತಯಾರಿ ಶುರು ಮಾಡಿದರೆ 18 ವಾರಕ್ಕಿಂತ ತುಸು ಹೆಚ್ಚೇ ಸಿಗುತ್ತದೆ, ಬೇಸಿಗೆಯ 40 ಡಿಗ್ರಿ ಬಿಸಿಲಿನ ಕಾಟವೂ ಇಲ್ಲ. ತಯಾರಿ ಶುರು ಮಾಡುವಷ್ಟರೊಳಗೆ ಐದು ಕಿ.ಮೀ. ನಿಲ್ಲದೆ ಓಡಲು ಬರಬೇಕು. ಬಿಪಿ, ಸಕ್ಕರೆ ಕಾಯಿಲೆ ಇದ್ದವರು, ನಲವತ್ತು ದಾಟಿದವರು ಡಾಕ್ಟರಿಗೆ ತೋರಿಸಿಯೇ ಶುರು ಮಾಡಿ.

ವಾರಕ್ಕೆ ನಾಲ್ಕು ದಿನ ಓಡಿದರೆ ಸಾಕು. ಮೂರು ದಿನ ಸಣ್ಣ ಓಟ, ಭಾನುವಾರ ದೊಡ್ಡದು. ಭಾನುವಾರದ್ದು ಎಂಟು ಕಿ.ಮೀ.ನಿಂದ ಶುರುವಾಗಲಿ. ವಾರಕ್ಕೆ ಒಂದೆರಡು ಕಿ.ಮೀ. ಜಾಸ್ತಿ ಮಾಡಿ, ಪ್ರತಿ ನಾಲ್ಕನೇ ವಾರ ತುಸು ಇಳಿಸಿ. ಓಟಕ್ಕೆ ಮೂರು ವಾರ ಇರುವಾಗ ಸುಮಾರು 30 ಕಿ.ಮೀ. ಮುಟ್ಟಿ. ಆಮೇಲೆ ಇಳಿಸುತ್ತಾ ಬನ್ನಿ. ಮೊದಲೇ ಒಮ್ಮೆ 42 ಓಡಿ ನೋಡೋಣ ಅನಿಸುತ್ತದೆ, ಅಲ್ವಾ? ಬೇಡ. ಆ ದಣಿವು ಆರುವುದರೊಳಗೆ ಓಟದ ದಿನ ಬಂದುಬಿಡುತ್ತದೆ.

ವೇಗ ಎಷ್ಟಿರಬೇಕು? ಗೋಳಗುಮ್ಮಟದ ಕಡೆಯಿಂದ ಇಬ್ರಾಹಿಂ ರೋಜಾದವರೆಗೆ ಗೆಳೆಯನ ಜೊತೆ ಮಾತಾಡುತ್ತಾ ಹೋಗುವಷ್ಟು. ಏದುಸಿರು ಬಂತೆಂದರೆ ವೇಗ ಹೆಚ್ಚಾಗಿದೆ. ನಡೆಯಿರಿ, ನಾಚಿಕೆ ಏನಿಲ್ಲ. ವೇಗ ಹೆಚ್ಚಿದಷ್ಟೂ ಸ್ನಾಯು, ಲಿವರ್‌ನಲ್ಲಿ ಕೂಡಿಟ್ಟ ಗ್ಲೈಕೋಜನ್ (ಓಡಲು ಬೇಕಾದ ಇಂಧನ) ಬೇಗ ಖಾಲಿಯಾಗುತ್ತದೆ. 30 ಕಿ.ಮೀ. ಆಸುಪಾಸು ಕಾಲು ಕಲ್ಲಾಗುವುದು ಬಹಳಷ್ಟು ಸಲ ಇದರಿಂದಲೇ.

ಅದಕ್ಕೇ ಒಂದೂವರೆ ಗಂಟೆ ಮೀರುವ ಓಟಗಳಲ್ಲಿ ಏನಾದರೂ ತಿನ್ನಲು ಕಲಿಯಿರಿ. ಬಾಳೆಹಣ್ಣು, ಖರ್ಜೂರ, ಬೆಲ್ಲದ ತುಂಡು, ಯಾವುದಾದರೂ ಸರಿ. ಬರೀ ನೀರನ್ನೇ ವಿಪರೀತ ಕುಡಿದರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯ. ಬಾಯಾರಿದಾಗ ಕುಡಿಯಿರಿ, ನಡುವೆ ಓಆರ್‌ಎಸ್ ಇರಲಿ. ಮುಂಬೈ ಹವೆಯಲ್ಲಿ ತೇವ ಜಾಸ್ತಿ. ನಮ್ಮ ಒಣ ಹವೆಯಲ್ಲಿ ಬೇಗ ಆರುವ ಬೆವರು ಅಲ್ಲಿ ಮೈಮೇಲೆಯೇ ನಿಲ್ಲುತ್ತದೆ. ಇಲ್ಲಿನ ಲೆಕ್ಕ ಅಲ್ಲಿ ನಡೆಯುವುದಿಲ್ಲ, ಇನ್ನೂ ನಿಧಾನಕ್ಕೆ ಓಡಬೇಕು.

ಮಳೆ ಬಿದ್ದ ಮರುದಿನ ಹೊಲದ ದಾರಿ ಬಿಡಿ. ಎರೆ ಮಣ್ಣು ಮೆತ್ತಿಕೊಂಡರೆ ಒಂದೊಂದು ಬೂಟೂ ಒಂದೊಂದು ಕಿಲೋ! ಬೂಟು ಅರ್ಧ ಇಂಚು ಸಡಿಲ ಇರಲಿ, ದೂರ ಓಡಿದಾಗ ಪಾದ ಉಬ್ಬುತ್ತದೆ. ಓಟದ ದಿನ ಹೊಸದನ್ನು ಹಾಕಬೇಡಿ. ತೊಡೆಸಂದಿಗೆ, ಗಂಡಸರು ಎದೆಗೂ ವ್ಯಾಸಲೀನ್ ಹಚ್ಚಿ. ಹಚ್ಚದಿದ್ದರೆ ಉಜ್ಜಿ ಚರ್ಮ ಕಿತ್ತದ್ದು ಸ್ನಾನಕ್ಕೆ ನಿಂತಾಗ ನೆನಪಾಗುತ್ತದೆ.

ಓಟದ ಹಿಂದಿನ ರಾತ್ರಿ ಎಣ್ಣೆಗಾಯಿ, ಖಾರದ ಚಟ್ನಿ ಮುಟ್ಟಬೇಡಿ. ಮೊಸರನ್ನ ಉಂಡು ಮಲಗಿ. ಬೆಳಿಗ್ಗೆ ಮೊದಲ ಹತ್ತು ಕಿ.ಮೀ. ಎಲ್ಲರೂ ನಿಮ್ಮನ್ನು ಹಿಂದೆ ಹಾಕುತ್ತಾರೆ, ಹಾಕಲಿ. ಕೊನೆಯ ಭಾಗದಲ್ಲಿ ಪೆಡ್ಡರ್ ರಸ್ತೆಯ ಏರು ಬಂದಾಗ ಅವರಲ್ಲಿ ಎಷ್ಟೋ ಜನ ಮತ್ತೆ ಸಿಗುತ್ತಾರೆ.

ಮರುದಿನ ಮೆಟ್ಟಿಲು ಇಳಿಯುವುದೇ ದೊಡ್ಡ ಕೆಲಸ. ವಾಪಸ್ ರೈಲಿಗೆ ಲೋವರ್ ಬರ್ತ್ ಮೊದಲೇ ಬುಕ್ ಮಾಡಿ.